ಅಕ್ವಾಪೋನಿಕ್ಸ್ ಕೈಪಿಡಿ: ಕೋಷ್ಟಕ ಹೇಳದ ಸಂಬಂಧ

ಮೀನಿನ ತೊಟ್ಟಿಯ ನೀರನ್ನು ತರಕಾರಿ ಪಾತಿಗೆ ಹರಿಸಿ, ಅಲ್ಲಿ ಶುದ್ಧವಾದ ನೀರನ್ನು ಮತ್ತೆ ತೊಟ್ಟಿಗೆ ತರುವ ವ್ಯವಸ್ಥೆಯೇ ಅಕ್ವಾಪೋನಿಕ್ಸ್. ಮನೆಯ ತಾರಸಿಯಲ್ಲೋ ಶಾಲೆಯ ಅಂಗಳದಲ್ಲೋ ಇದನ್ನು ಮಾಡಬಯಸುವವರು ನೆಚ್ಚುವ ಪುಸ್ತಕವೊಂದಿದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2014ರಲ್ಲಿ ಪ್ರಕಟಿಸಿದ ‘ಸ್ಮಾಲ್-ಸ್ಕೇಲ್ ಅಕ್ವಾಪೋನಿಕ್ ಫುಡ್ ಪ್ರೊಡಕ್ಷನ್’ ಎಂಬ ಕೈಪಿಡಿ ಅದು. ಸಾಮರ್‌ವಿಲ್ ಮತ್ತು ಸಂಗಡಿಗರು ಇದರ ಲೇಖಕರು. ಮೀನಿನ ಆರೋಗ್ಯಕ್ಕೆ ಇದು ಎಷ್ಟು ನೆರವಾಗುತ್ತದೆ?

ಮೊದಲು ಅದರ ಹೆಚ್ಚುಗಾರಿಕೆ. ಮೀನು ಮತ್ತು ಗಿಡಗಳ ನಡುವೆ ಮೂರನೆಯ ಜೀವಿಯೊಂದಿದೆ ಎಂಬುದನ್ನು ಕೈಪಿಡಿ ಒತ್ತಿ ಹೇಳುತ್ತದೆ. ಮೀನು ಕಿವಿರುಗಳ ಮೂಲಕ ಅಮೋನಿಯವನ್ನು ಹೊರಹಾಕುತ್ತದೆ. ಒಂದು ಗುಂಪಿನ ಬ್ಯಾಕ್ಟೀರಿಯಗಳು ಅದನ್ನು ನೈಟ್ರೈಟ್ ಆಗಿಯೂ ಇನ್ನೊಂದು ಗುಂಪಿನವು ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಗಿಡಗಳಿಗೆ ಮುಖ್ಯವಾಗಿ ಬೇಕಾದುದು ಈ ನೈಟ್ರೇಟ್. ಆದ್ದರಿಂದ ಕಾಯಿಲೆ ಬಿದ್ದ ಮೀನಿಗೆಂದು ತೊಟ್ಟಿಗೇ ಔಷಧ ಸುರಿದರೆ ಈ ಬ್ಯಾಕ್ಟೀರಿಯಗಳೂ ಸತ್ತು ಅಮೋನಿಯ ಏರಬಹುದು. ಮೀನಿನ ಆಹಾರವನ್ನು ಪಾತಿಯ ವಿಸ್ತೀರ್ಣಕ್ಕೆ ಹೊಂದಿಸಿರುವುದೂ ಮೆಚ್ಚತಕ್ಕ ಅಂಶ: ಸೊಪ್ಪಿನ ಗಿಡಗಳಾದರೆ ಚದರ ಮೀಟರಿಗೆ ದಿನಕ್ಕೆ 40ರಿಂದ 50 ಗ್ರಾಂ.

ತೊಡಕಿರುವುದು ನೀರಿನ ಗುಣಮಟ್ಟದ ಕೋಷ್ಟಕದಲ್ಲಿ. ತಾಪ 18ರಿಂದ 30 ಡಿಗ್ರಿ ಸೆಲ್ಸಿಯಸ್. ಪಿಎಚ್ 6ರಿಂದ 7. ಅಮೋನಿಯ ಲೀಟರಿಗೆ 1 ಮಿಲಿಗ್ರಾಂಗಿಂತ ಕಡಿಮೆ. ಆಕ್ಸಿಜನ್ 5 ಮಿಲಿಗ್ರಾಂಗಿಂತ ಹೆಚ್ಚು. ಒಂದೊಂದೂ ಪ್ರತ್ಯೇಕ ಸಾಲು. ನಾಲ್ಕೂ ಸ್ವತಂತ್ರವೆಂದು ಓದುಗ ಭಾವಿಸುವುದು ಸಹಜ. ಆದರೆ ಅವು ಸ್ವತಂತ್ರವಲ್ಲ. ಪಠ್ಯದಲ್ಲಿ ಇದರ ಪ್ರಸ್ತಾಪ ಇದೆ, ನಿಜ. ಆದರೆ ಗೋಡೆಗೆ ಅಂಟಿಸಿಕೊಳ್ಳುವುದು ಕೋಷ್ಟಕವನ್ನೇ ಅಲ್ಲವೆ?

ಲೆಕ್ಕ ಹಾಕಿ ನೋಡಿ. ನೀರಿನಲ್ಲಿ ಅಮೋನಿಯದ ಬಹುಭಾಗ ಅಮೋನಿಯಂ ಅಯಾನಿನ ರೂಪದಲ್ಲಿರುತ್ತದೆ. ಅದರಿಂದ ಹಾನಿ ಕಡಿಮೆ. ಮೀನಿಗೆ ವಿಷವಾಗುವುದು ಅಯಾನೀಕರಣಗೊಳ್ಳದ ಭಾಗ. 30 ಡಿಗ್ರಿಯಲ್ಲಿ, ಪಿಎಚ್ 7 ಇದ್ದಾಗ ಈ ಭಾಗ ಶೇಕಡ 0.8ರಷ್ಟು. ಪಿಎಚ್ 8 ಆದರೆ ಶೇಕಡ 7.5. ಪರೀಕ್ಷಾ ಕಿಟ್ ಎರಡು ಸಂದರ್ಭಗಳಲ್ಲೂ ‘1 ಮಿಲಿಗ್ರಾಂ’ ಎಂದೇ ತೋರಿಸುತ್ತದೆ. ವಿಷ ಮಾತ್ರ ಒಂಬತ್ತು ಪಟ್ಟಿಗೂ ಹೆಚ್ಚಿರುತ್ತದೆ. ಅಯಾನೀಕರಣಗೊಳ್ಳದ ಅಮೋನಿಯ ಲೀಟರಿಗೆ 0.05 ಮಿಲಿಗ್ರಾಂ ಮೀರಿದರೆ ಕಿವಿರುಗಳಿಗೆ ಹಾನಿ ಆರಂಭವಾಗುತ್ತದೆಂದು ಸಾಮಾನ್ಯವಾಗಿ ಪರಿಗಣಿಸಲಾಗುತ್ತದೆ. ಇಲ್ಲಿ ಅದು 0.075. ನಮ್ಮ ಬಯಲುಸೀಮೆಯ ಹಲವು ಕೊಳವೆಬಾವಿಗಳ ನೀರು ಗಡಸು. ಅದಕ್ಕೆ ಗಾಳಿ ಊದಿದಾಗ ಕರಗಿದ ಕಾರ್ಬನ್ ಡೈಆಕ್ಸೈಡ್ ಹೊರಹೋಗಿ ಪಿಎಚ್ 8ರತ್ತ ಏರುತ್ತದೆ. ಅಂಥಲ್ಲಿ ಅಮೋನಿಯದ ಸಾಲೊಂದನ್ನೇ ನಂಬುವುದು ಅಪಾಯ.

ಆಕ್ಸಿಜನ್ನಿನ ಕತೆಯೂ ಇಷ್ಟೆ. 30 ಡಿಗ್ರಿಯ ನೀರು ಸಮುದ್ರಮಟ್ಟದಲ್ಲಿ ಲೀಟರಿಗೆ ಸುಮಾರು 7.6 ಮಿಲಿಗ್ರಾಂ ಆಕ್ಸಿಜನ್ನನ್ನು ಕರಗಿಸಿಕೊಳ್ಳಬಲ್ಲುದು. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ವಾಯುಭಾರ ಕಡಿಮೆ. ಹೆನ್ರಿಯ ನಿಯಮದಂತೆ ಇಲ್ಲಿ ಗರಿಷ್ಠ ಮಿತಿ 6.8ರ ಆಸುಪಾಸು. 5ರ ಗೆರೆಗೆ ಉಳಿಯುವ ಅಂತರ 1.8 ಮಾತ್ರ. 500 ಲೀಟರಿನ ತೊಟ್ಟಿಯಲ್ಲಿ ಇದು 0.9 ಗ್ರಾಂ. ಅದರಲ್ಲಿ 5 ಕಿಲೋಗ್ರಾಂ ಮೀನಿದ್ದು, ಕಿಲೋಗ್ರಾಂ ಒಂದಕ್ಕೆ ಗಂಟೆಗೆ 0.3 ಗ್ರಾಂ ಆಕ್ಸಿಜನ್ ಬೇಕೆಂದು ಇಟ್ಟುಕೊಳ್ಳಿ. ವಿದ್ಯುತ್ ಹೋಗಿ ಪಂಪು ನಿಂತರೆ ಈ ಉಳಿತಾಯ ಕರಗಲು ಸುಮಾರು 36 ನಿಮಿಷ ಸಾಕು. ಮೇಲ್ಮೈಯಿಂದ ಕರಗುವ ಗಾಳಿಯನ್ನೂ ಬ್ಯಾಕ್ಟೀರಿಯಗಳು ಬಳಸುವ ಆಕ್ಸಿಜನ್ನನ್ನೂ ಇಲ್ಲಿ ಲೆಕ್ಕಕ್ಕೆ ಹಿಡಿದಿಲ್ಲ. 5 ಎಂಬುದು ಸಾವಿನ ಗೆರೆಯಲ್ಲ, ಎಚ್ಚರಿಕೆಯ ಗೆರೆ. ಆದರೂ ಬ್ಯಾಟರಿಯಿಂದ ನಡೆಯುವ ಗಾಳಿಪಂಪು ಐಷಾರಾಮದ ವಸ್ತುವಲ್ಲ ಎಂಬುದು ಇದರಿಂದ ಸ್ಪಷ್ಟ.

ಹಾಗಾದರೆ ಕೈಪಿಡಿಯನ್ನು ಬದಿಗಿಡಬೇಕೆ? ಖಂಡಿತ ಬೇಡ. ಪಿಎಚ್ 6ರಿಂದ 7ರೊಳಗೆ ಇರುವವರೆಗೆ ಅದರ ಅಮೋನಿಯದ ಮಿತಿ ಸರಿಯಾಗಿಯೇ ಇದೆ. ಕೋಷ್ಟಕದ ಸಾಲುಗಳನ್ನು ಬಿಡಿಸದೆ ಒಟ್ಟಿಗೆ ಓದಬೇಕು, ಅಷ್ಟೆ. ಶಿಕ್ಷಕರು ಅಮೋನಿಯದ ಮಿತಿಗೆ ಒಂದೇ ಅಂಕಿಯ ಬದಲು, ಪಿಎಚ್ ಮತ್ತು ತಾಪಗಳಿಗೆ ತಕ್ಕಂತೆ ಬದಲಾಗುವ ಕೋಷ್ಟಕವನ್ನು ವಿದ್ಯಾರ್ಥಿಗಳಿಂದಲೇ ತಯಾರಿಸಲಿ. ಸಮತೋಲ ಸ್ಥಿರಾಂಕದ ಪಾಠಕ್ಕೆ ಇದಕ್ಕಿಂತ ಜೀವಂತ ಉದಾಹರಣೆ ಸಿಗದು. ನೀರನ್ನು ಅಳೆದವರು ಅಳೆದುದನ್ನು ಅರ್ಥ ಮಾಡಿಕೊಂಡರೆ ಮಾತ್ರ ಮೀನು ಉಳಿಯುತ್ತದೆ.