ಗುಜರಿ ಸರ್ವೋಗೆ ಜೋಡಿ ಹುಡುಕುವುದು

ಮನೆಯ ಶೆಡ್ಡಿನಲ್ಲಿ ಸ್ವಂತಕ್ಕೊಂದು ಸಿಎನ್‌ಸಿ ಯಂತ್ರ ಕಟ್ಟಲು ಹೊರಟವರಲ್ಲಿ ಅನೇಕರು ಒಂದಲ್ಲ ಒಂದು ದಿನ ಹಳೆಯ ಸರ್ವೋ ಮೋಟರ್ ಹುಡುಕಿಕೊಂಡು ಗುಜರಿಗೆ ಹೋಗುತ್ತಾರೆ. ಬೆಂಗಳೂರಿನಲ್ಲಿ ಇದು ಸಹಜ. 1953ರಲ್ಲಿ ಎಚ್‌ಎಂಟಿ ಇಲ್ಲಿ ಹುಟ್ಟಿದಾಗಿನಿಂದ ಯಂತ್ರೋಪಕರಣ ಈ ಊರಿನ ಕಸುಬು. ಪೀಣ್ಯದ ವರ್ಕ್‌ಶಾಪುಗಳಲ್ಲಿ ಹಳೆಯ ಲೇತಿಗೆ ಹೊಸ ಕಂಟ್ರೋಲರ್ ಕೂರಿಸಿದಾಗ ಜಪಾನಿನ ಒಳ್ಳೊಳ್ಳೆಯ ಬ್ರಷ್‌ಲೆಸ್ ಮೋಟರುಗಳು ಹೊರಬೀಳುತ್ತವೆ. ಹೊಸದರ ಬೆಲೆಗೆ ಹೋಲಿಸಿದರೆ ಅವು ಸಿಗುವುದು ಬಿಡಿಗಾಸಿಗೆ. ಸಾಮಾನ್ಯವಾಗಿ ಬೇರಿಂಗ್ ಗಟ್ಟಿ, ಶಾಫ್ಟ್ ನೇರ, ಮ್ಯಾಗ್ನೆಟ್ಟಿಗೆ ಮುಪ್ಪಿಲ್ಲ. ಇಂಥ ಮಾಲು ಕರಗಿ ಹೋಗದೆ ಮತ್ತೆ ಕೆಲಸಕ್ಕೆ ಬರಬೇಕೆಂಬ ಹಂಬಲ ನನಗೂ ಇದೆ. ಆದರೆ ಈ ಹವ್ಯಾಸ ನಮ್ಮಲ್ಲಿ ನಡೆದಿರುವ ರೀತಿಯಲ್ಲಿ ಬುಡದಲ್ಲೇ ಒಂದು ದೋಷವಿದೆ. ಕೊಳ್ಳುವವರು ವಾಟ್ ನೋಡಿ ಕೊಳ್ಳುತ್ತಾರೆ, ಮಾರುವವರು ತೂಕ ನೋಡಿ ಮಾರುತ್ತಾರೆ. ನೋಡಬೇಕಾದದ್ದು ಮೋಟರಿನ ಹಿಂಬದಿಯ ಮುಚ್ಚಳದೊಳಗಿರುವ ಎನ್‌ಕೋಡರನ್ನು.

ಯಾಕೆಂದರೆ ಮೋಟರಿನ ಕಬ್ಬಿಣಕ್ಕೂ ತಾಮ್ರಕ್ಕೂ ಕಂಪನಿಯ ಹಂಗಿಲ್ಲ. ಸ್ಟೇಟರಿನಲ್ಲಿ ಮೂರು ಫೇಸಿನ ವೈಂಡಿಂಗ್, ರೋಟರಿನ ಮೇಲೆ ಮ್ಯಾಗ್ನೆಟ್, ಹೊರಗೆ ಮೂರು ತಂತಿ. ವೋಲ್ಟೇಜು, ಕರೆಂಟು ಹೊಂದಿದರೆ ಯಾವ ಡ್ರೈವ್ ಬೇಕಾದರೂ ಅದನ್ನು ತಿರುಗಿಸಬಹುದು. ಹಳೆಯ ಡಿಸಿ ಮೋಟರಿನಲ್ಲಿ ಯಾವ ಸುರುಳಿಗೆ ಯಾವಾಗ ಕರೆಂಟ್ ಹೋಗಬೇಕೆಂಬುದನ್ನು ಬ್ರಷ್ಷೂ ಕಮ್ಯುಟೇಟರೂ ತಾವೇ ನೋಡಿಕೊಳ್ಳುತ್ತಿದ್ದವು. ಬ್ರಷ್ ಇಲ್ಲದ ಮೇಲೆ ಆ ಕೆಲಸ ಡ್ರೈವಿನದು. ರೋಟರಿನ ಮ್ಯಾಗ್ನೆಟ್ ಈ ಕ್ಷಣ ಎಲ್ಲಿದೆ ಎಂಬುದು ತಿಳಿಯದೆ ಡ್ರೈವ್ ಏನೂ ಮಾಡಲಾರದು. ಅದನ್ನು ತಿಳಿಸುವುದು ಎನ್‌ಕೋಡರ್. ಕಂಪನಿಗಳು ಬೀಗ ಹಾಕಿರುವುದೂ ಅಲ್ಲಿಯೇ.

ಬೀಗವಿಲ್ಲದ ಮೋಟರುಗಳೂ ಇವೆ. ಎ, ಬಿ, ಝಡ್ ಪಲ್ಸಿನ ಜೊತೆಗೆ ಯು, ವಿ, ಡಬ್ಲ್ಯು ಎಂಬ ಮೂರು ಹಾಲ್ ಸಂಕೇತಗಳನ್ನು ಬೇರೆ ಬೇರೆ ತಂತಿಯಲ್ಲಿ ಕೊಡುವ ಮೋಟರ್ ಕಂಡರೆ ಎನ್‌ಕೋಡರಿನ ಮಟ್ಟಿಗೆ ಹಿಂದೆಮುಂದೆ ನೋಡದೆ ಕೊಳ್ಳಬಹುದು. ಫ್ಯಾನುಕ್‌ನ ಹಳೆಯ ಕೆಂಪು ಟೋಪಿಯ ಮೋಟರುಗಳು ರೋಟರಿನ ಸ್ಥಾನವನ್ನು ನಾಲ್ಕು ಬಿಟ್ಟಿನ ಗ್ರೇ ಕೋಡಿನಲ್ಲಿ ಹೇಳುತ್ತವೆ. ಅದನ್ನು ಹಾಲ್ ಸಂಕೇತಕ್ಕೆ ತಿರುಗಿಸುವುದು ಸಣ್ಣ ಸರ್ಕಿಟ್ಟಿನ ಕೆಲಸ. ತೊಡಕು ಶುರುವಾಗುವುದು ಸೀರಿಯಲ್ ಎನ್‌ಕೋಡರಿನಿಂದ. ಒಂದು ಜೊತೆ ತಂತಿಯಲ್ಲಿ ಡ್ರೈವೂ ಎನ್‌ಕೋಡರೂ ತಮ್ಮದೇ ಭಾಷೆಯಲ್ಲಿ ಮಾತಾಡಿಕೊಳ್ಳುತ್ತವೆ. ಯಸ್ಕಾವಾದ್ದು ಮಿತ್ಸುಬಿಷಿಗೆ ಅರ್ಥವಾಗದು. ಎಲ್ಲಕ್ಕಿಂತ ಹೆಚ್ಚು ಜನ ಮೋಸಹೋಗುವುದು ಪ್ಯಾನಸೋನಿಕ್ ಮಿನಾಸ್ ಎ4ನಂಥ ಮೋಟರಿಗೆ. ಅದರ ವಿವರಣೆಯಲ್ಲಿ ‘2500 ಪಲ್ಸ್, ಇನ್‌ಕ್ರಿಮೆಂಟಲ್’ ಎಂದಿರುತ್ತದೆ. ಓದಿದವರು ಸಾದಾ ಎನ್‌ಕೋಡರ್ ಎಂದು ನಂಬುತ್ತಾರೆ. ಐದೇ ತಂತಿ ಇರುವುದನ್ನು ಎಣಿಸಿದ್ದರೆ ಅದೂ ಸೀರಿಯಲ್ ಎಂಬುದು ಅಂಗಡಿಯಲ್ಲೇ ತಿಳಿಯುತ್ತಿತ್ತು. ಹಾಗಾಗಿ ಮೊದಲು ತಂತಿ ಎಣಿಸಿ, ಆಮೇಲೆ ವಾಟ್ ಓದಿ.

ಎರಡನೆಯ ತಪ್ಪು ವೋಲ್ಟೇಜಿನದು. ಮಾಡೆಲ್ ನಂಬರಿನ ಒಂದು ಅಕ್ಷರ ಅಥವಾ ಅಂಕಿಯಲ್ಲಿ ಅದು ಅಡಗಿರುತ್ತದೆ. ಪ್ಯಾನಸೋನಿಕ್‌ನ 042 ಎಂದರೆ 400 ವಾಟ್, 200 ವೋಲ್ಟಿನ ವರ್ಗ. 041 ಎಂದರೆ ಅಷ್ಟೇ ವಾಟಿನ 100 ವೋಲ್ಟಿನದು. ಯಸ್ಕಾವಾದಲ್ಲಿ ಎ ಅಕ್ಷರ 200ಕ್ಕೆ, ಬಿ ಅಕ್ಷರ 100ಕ್ಕೆ. 200 ವೋಲ್ಟಿನ ವರ್ಗದ ಡ್ರೈವ್ ನಮ್ಮ ಮನೆಯ 230 ವೋಲ್ಟಿಗೆ ನೇರವಾಗಿ ಹೊಂದುತ್ತದೆ. 100ರದ್ದನ್ನು ಹಾಗೆ ಹಚ್ಚಿದರೆ ಸುಟ್ಟುಹೋಗುತ್ತದೆ.

ವೋಲ್ಟೇಜಿನ ಇನ್ನೊಂದು ಮುಖವನ್ನು ಹವ್ಯಾಸಿಗಳು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ತಿರುಗುವ ಮೋಟರ್ ತಾನೂ ವೋಲ್ಟೇಜು ಹುಟ್ಟಿಸುತ್ತದೆ, ಅದೇ ಬ್ಯಾಕ್ ಇಎಂಎಫ್. ನಿಮಿಷಕ್ಕೆ 1000 ಸುತ್ತಿನಲ್ಲಿ 40 ವೋಲ್ಟ್ ಪೀಕ್ ಹುಟ್ಟಿಸುವ ಮೋಟರನ್ನು 48 ವೋಲ್ಟ್ ಡಿಸಿ ಡ್ರೈವಿಗೆ ಕಟ್ಟಿದರೆ, ಯಾವ ಭಾರವೂ ಇಲ್ಲದಾಗ ಅದು 1200 ಸುತ್ತಿಗೆ ಮುಟ್ಟಿ ನಿಲ್ಲುತ್ತದೆ. ಭಾರ ಬಿದ್ದರೆ ಇನ್ನೂ ಕಡಿಮೆ. ಆಂಪಿಯರಿಗೆ ಸಿಗುವ ಟಾರ್ಕ್ ಬದಲಾಗದು, ವೇಗ ಮಾತ್ರ ಹೋಯಿತು. 3000 ಸುತ್ತಿನ 400 ವಾಟ್ ಮೋಟರಿನಿಂದ ಹೊರಗೆ ಬರುವುದು ಆಗ ಸುಮಾರು ಮೂರನೇ ಒಂದು ಭಾಗ. 56 ವೋಲ್ಟ್ ಮೀರದ ಓಡ್ರೈವ್ ವಿ3.6ನಂಥ ಬೋರ್ಡಿಗೆ 200 ವೋಲ್ಟಿನ ವರ್ಗದ ಮೋಟರ್ ಕಟ್ಟಿ ‘ಶಕ್ತಿಯೇ ಇಲ್ಲ’ ಎಂದು ಮೋಟರನ್ನು ಬೈಯುವುದು ಅನ್ಯಾಯ.

ಮೋಟರ್ 1000 ಸುತ್ತಿಗೆ ಎಷ್ಟು ವೋಲ್ಟ್ ಹುಟ್ಟಿಸುತ್ತದೆಂದು ತಿಳಿಯಲು ಕ್ಯಾಟಲಾಗೂ ಬೇಕಿಲ್ಲ. ಮೋಟರಿನ ಶಾಫ್ಟನ್ನು ವೇಗ ಗೊತ್ತಿರುವ ಡ್ರಿಲ್ಲಿನ ಚಕ್ಕಿಗೆ ಸಿಕ್ಕಿಸಿ ತಿರುಗಿಸಿ. ಯಾವುದಾದರೂ ಎರಡು ತಂತಿಗಳ ನಡುವೆ ಎಸಿ ವೋಲ್ಟೇಜು ನೋಡಿ, ಮೀಟರಿನಲ್ಲಿದ್ದರೆ ಹರ್ಟ್ಸ್ ಕೂಡ ನೋಡಿ. ಮೂರು ಜೋಡಿಗಳಲ್ಲೂ ಒಂದೇ ವೋಲ್ಟೇಜು ಬರಬೇಕು. ಒಂದರಲ್ಲಿ ತಗ್ಗಿದ್ದರೆ ವೈಂಡಿಂಗ್ ಕೆಟ್ಟಿದೆ. ಮೂರರಲ್ಲೂ ಕ್ಯಾಟಲಾಗಿನ ಸಂಖ್ಯೆಗಿಂತ ತಗ್ಗಿದ್ದರೆ ಮ್ಯಾಗ್ನೆಟ್ ಸೋತಿದೆ. ಮೀಟರ್ ತೋರಿಸುವುದು ಆರ್‌ಎಂಎಸ್, 1.414ರಿಂದ ಗುಣಿಸಿದರೆ ಪೀಕ್. ರೋಟರಿನ ಪೋಲ್ ಪೇರ್ (ಧ್ರುವಜೋಡಿ) ಎಷ್ಟೆಂಬುದನ್ನೂ ಹರ್ಟ್ಸೇ ಹೇಳುತ್ತದೆ: 1000 ಸುತ್ತಿನಲ್ಲಿ ಸುಮಾರು 67 ಬಂದರೆ ನಾಲ್ಕು, 83 ಬಂದರೆ ಐದು. ಡ್ರಿಲ್ ಇಲ್ಲದಿದ್ದರೆ ಎರಡು ತಂತಿಗೆ ಕಡಿಮೆ ವೋಲ್ಟಿನ ಡಿಸಿ ಕರೆಂಟ್ ಹಾಯಿಸಿ, ಶಾಫ್ಟನ್ನು ಕೈಯಿಂದ ಒಂದು ಪೂರ್ತಿ ಸುತ್ತು ತಿರುಗಿಸುತ್ತಾ ಅದು ಕಚ್ಚಿ ನಿಲ್ಲುವ ಜಾಗಗಳನ್ನು ಎಣಿಸಿದರೂ ಸಾಕು. ಯಾವ ತಂತಿಯನ್ನೂ ಕೂಡಿಸದೆಯೇ ಶಾಫ್ಟ್ ಬಿಗಿಯಾಗಿದ್ದರೆ ಒಳಗೆ ಶಾರ್ಟ್ ಇರಬಹುದು, ಬೇರಿಂಗ್ ಹೋಗಿರಬಹುದು. 24 ವೋಲ್ಟಿನ ಬ್ರೇಕ್ ಇರುವ ಮೋಟರೂ ಆಗಿರಬಹುದು. ಬ್ರೇಕ್ ಇದ್ದರೆ ಮೇಲೆ ಕೆಳಗೆ ಓಡುವ ಝಡ್ ಆಕ್ಸಿಸ್‌ಗೆ ಅದೇ ಭಾಗ್ಯ. ಈ ಹವ್ಯಾಸದಲ್ಲಿ ನನಗೆ ಅತ್ಯಂತ ಮೆಚ್ಚಿಗೆಯಾದದ್ದು ಈ ಹಂತ. ಪಾಠದಲ್ಲಿ ಸೂತ್ರವಾಗಿ ಉಳಿದ ಬ್ಯಾಕ್ ಇಎಂಎಫ್ ಇಲ್ಲಿ ಮೀಟರಿನ ಮುಳ್ಳಿಗೆ ಬರುತ್ತದೆ. ಡಿಪ್ಲೊಮಾ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಪ್ರಯೋಗ ಸಿಗುವುದು ಕಷ್ಟ.

ಸೀರಿಯಲ್ ಎನ್‌ಕೋಡರಿನ ಮೋಟರ್ ಕೈಗೆ ಬಂದೇಬಿಟ್ಟರೆ ಎರಡು ದಾರಿ. ಮೊದಲನೆಯದು, ಆ ಭಾಷೆ ಬಲ್ಲ ಎಲೆಕ್ಟ್ರಾನಿಕ್ಸ್ ಹುಡುಕುವುದು. ಲಿನಕ್ಸ್‌ಸಿಎನ್‌ಸಿ ತಂತ್ರಾಂಶದ ಜೊತೆಗೆ ಮೆಸಾ ಕಂಪನಿಯ ಕಾರ್ಡ್ ಬಳಸಿದರೆ ಫ್ಯಾನುಕ್‌ನ ಸೀರಿಯಲ್ ಎನ್‌ಕೋಡರ್ ಓದಬಹುದು. ಹಳೆಯ ಕೈಗಾರಿಕಾ ಮೋಟರುಗಳಿಗೆಂದೇ ಹವ್ಯಾಸಿಗಳು ಕಟ್ಟಿದ ಎಸ್‌ಟಿಎಂಬಿಎಲ್ ಎಂಬ ಮುಕ್ತ ಡ್ರೈವ್ ಕೂಡ ಇದೆ. ಈ ಕೆಲಸವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಕಂಪನಿಗಳು ಮುಚ್ಚಿಟ್ಟದ್ದನ್ನು ತಾಳ್ಮೆಯಿಂದ ಬಿಡಿಸಿ ಎಲ್ಲರಿಗೂ ಹಂಚಿದ್ದು ದೊಡ್ಡ ಮಾತು. ಆದರೆ ಯಂತ್ರ ಓಡಿದರೆ ಸಾಕು ಎನ್ನುವವರಿಗೆ ಈ ದಾರಿ ಉದ್ದ.

ಎರಡನೆಯದು, ಎನ್‌ಕೋಡರನ್ನೇ ತೆಗೆದು ಬೇರೆ ಹಾಕುವುದು. ಪೋಲ್ ಪೇರ್ ಸಂಖ್ಯೆಯನ್ನು ಹೊಂದಿಸಿಕೊಂಡು ಯು, ವಿ, ಡಬ್ಲ್ಯು ಸಂಕೇತ ಕೊಡುವ ಎಎಂಟಿ31 ಥರದ ಕೆಪ್ಯಾಸಿಟಿವ್ ಎನ್‌ಕೋಡರುಗಳಿವೆ, ಮ್ಯಾಗ್ನೆಟಿಕ್ ಚಿಪ್ಪುಗಳೂ ಇವೆ. ಹಳೆಯದನ್ನು ಕಳಚಿದ ಕೂಡಲೇ ಕಂಪನಿ ಕೂಡಿಸಿದ್ದ ಅಲೈನ್‌ಮೆಂಟ್ ಹೋಗುತ್ತದೆ. ಆಸಿಲೋಸ್ಕೋಪಿನಲ್ಲಿ ಬ್ಯಾಕ್ ಇಎಂಎಫ್ ನೋಡಿ ಮತ್ತೆ ಹೊಂದಿಸಬೇಕು. ಶಾಫ್ಟಿನ ತುದಿಗೆ ಮ್ಯಾಗ್ನೆಟ್ ಅಂಟಿಸಿ ಓದುವ ಅಗ್ಗದ ಚಿಪ್ಪನ್ನು ಯಂತ್ರದ ಪೊಸಿಷನ್ನಿಗೂ ನಂಬುವುದು ಸರಿಯಲ್ಲ. ಒಂದು ಡಿಗ್ರಿ ತಪ್ಪಿದರೆ 5 ಮಿ.ಮೀ. ಪಿಚ್ಚಿನ ಬಾಲ್ ಸ್ಕ್ರೂನಲ್ಲಿ 14 ಮೈಕ್ರಾನ್ ತಪ್ಪುತ್ತದೆ, ಪ್ರತಿ ಸುತ್ತಿನಲ್ಲೂ ಮರುಕಳಿಸುತ್ತದೆ. ಮರಕ್ಕೆ ನಡೆದೀತು, ಬೇರಿಂಗ್ ಕೂರುವ ತೂತಿಗೆ ನಡೆಯದು.

ಹಾಗೆಂದು ಎನ್‌ಕೋಡರಿನ ಬಿಟ್ಟುಗಳ ಸಂಖ್ಯೆಗೆ ಮರುಳಾಗುವುದೂ ಬೇಡ. 2500 ಪಲ್ಸಿನ ಸಾದಾ ಎನ್‌ಕೋಡರನ್ನು ನಾಲ್ಕು ಪಟ್ಟು ಓದಿದರೆ ಸುತ್ತಿಗೆ 10,000 ಎಣಿಕೆ, 5 ಮಿ.ಮೀ. ಪಿಚ್ಚಿಗೆ ಅರ್ಧ ಮೈಕ್ರಾನ್. ಹವ್ಯಾಸಿಗಳು ಕೊಳ್ಳುವ ಸಿ7 ದರ್ಜೆಯ ಬಾಲ್ ಸ್ಕ್ರೂ 300 ಮಿ.ಮೀ.ಗೆ 50 ಮೈಕ್ರಾನ್ ತಪ್ಪಬಹುದು. ಅಂಥ ಸ್ಕ್ರೂನ ನಿಖರತೆಗೆ 17 ಬಿಟ್ಟಿನ ಎನ್‌ಕೋಡರ್ ಕೊಡುವ ಲಾಭ ಏನೂ ಇಲ್ಲ, ತೊಂದರೆ ಇದೆ. ಮ್ಯಾಕ್3 ತಂತ್ರಾಂಶ ಪ್ಯಾರಲಲ್ ಪೋರ್ಟಿನಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ 25,000 ಪಲ್ಸ್ ಕೊಡುತ್ತದೆ. ಎಣಿಕೆಗೊಂದು ಪಲ್ಸಿನಂತೆ, ಸುತ್ತಿನ 10,000 ಎಣಿಕೆಗೇ ಮೋಟರ್ ನಿಮಿಷಕ್ಕೆ 150 ಸುತ್ತು ದಾಟದು. ಡ್ರೈವಿನಲ್ಲಿ ಎಲೆಕ್ಟ್ರಾನಿಕ್ ಗೇರ್ ಅನುಪಾತ ಹೊಂದಿಸಲೇಬೇಕು, ಇಲ್ಲವೇ ಹೆಚ್ಚು ವೇಗದ ಕಂಟ್ರೋಲರ್ ಬೇಕು.

ಇಷ್ಟೆಲ್ಲ ತೂಗಿ ನೋಡಿದ ಮೇಲೆ ನನ್ನ ತೀರ್ಮಾನ ಇದು: ಮೋಟರ್, ಅದರದೇ ಡ್ರೈವ್, ಪವರ್ ಮತ್ತು ಎನ್‌ಕೋಡರಿನ ಎರಡೂ ಕೇಬಲ್ ಒಟ್ಟಿಗೆ ಸಿಕ್ಕರೆ ಗುಜರಿ ಸರ್ವೋಗೆ ಸಮನಾದದ್ದು ಇಲ್ಲ. ಹಾಲ್ ಸಂಕೇತದ ಒಂಟಿ ಮೋಟರ್ ಆದರೂ ಸರಿಯೇ. ಸೀರಿಯಲ್ ಎನ್‌ಕೋಡರಿನ ಒಂಟಿ ಮೋಟರನ್ನು ಕಲಿಯುವ ಆಸೆಯಿಂದ ಕೊಳ್ಳಿ, ಉಳಿತಾಯಕ್ಕೆಂದು ಬೇಡ. ಅದಕ್ಕೆ ಡ್ರೈವ್, ಎನ್‌ಕೋಡರ್, ಕನೆಕ್ಟರ್ ಕೂಡಿಸುವಷ್ಟರಲ್ಲಿ ಹೊಸ ಸರ್ವೋ ಸೆಟ್ಟಿನ ದುಡ್ಡು ಖರ್ಚಾಗಿರುತ್ತದೆ.

ಇನ್ನೊಂದು ಎಚ್ಚರಿಕೆ: 200 ವೋಲ್ಟಿನ ಡ್ರೈವಿನ ಒಳಗೆ ಸುಮಾರು 325 ವೋಲ್ಟ್ ಡಿಸಿ ಇರುತ್ತದೆ, ಸ್ವಿಚ್ ಆರಿಸಿದ ಮೇಲೂ ಕೆಪ್ಯಾಸಿಟರಿನಲ್ಲಿ ಉಳಿಯುತ್ತದೆ. ಕೆಲವು ನಿಮಿಷ ಕಾದು, ಮೀಟರ್ ಹಿಡಿದು ನೋಡದೆ ಕೈ ಹಾಕಬೇಡಿ.

ಪೀಣ್ಯದಲ್ಲಿ ಯಂತ್ರ ಬಿಚ್ಚುವವರಲ್ಲಿ, ಗುಜರಿ ಅಂಗಡಿಯವರಲ್ಲಿ ಒಂದು ಬಿನ್ನಹವಿದೆ. ತಾಮ್ರದ ಆಸೆಗೆ ಮೋಟರಿನ ಕೇಬಲನ್ನು ಬುಡದಲ್ಲೇ ಕತ್ತರಿಸಬೇಡಿ. ಯಾವ ಮೋಟರಿಗೆ ಯಾವ ಡ್ರೈವ್ ಇತ್ತೆಂದು ಎರಡಕ್ಕೂ ಒಂದೇ ನಂಬರಿನ ಚೀಟಿ ಅಂಟಿಸಿ, ಜೋಡಿಯಾಗಿಯೇ ಮಾರಿ. ಅದಕ್ಕೆ ಹೆಚ್ಚು ದುಡ್ಡು ಕೊಡಲು ನಾವು ಸಿದ್ಧರಿದ್ದೇವೆ.