ಮೊದಲು ಮೈಕನ್ನು ತೂಗಿ

ಮನೆಯಲ್ಲೇ ಕೂತು ದನಿ ಮುದ್ರಿಸುವವರು ಈಗ ಊರೂರಲ್ಲೂ ಇದ್ದಾರೆ. ಕಥೆ ಕಾದಂಬರಿ ಓದಿ ಆಡಿಯೋ ಪುಸ್ತಕ ಮಾಡುವವರು, ಪಾಡ್‌ಕಾಸ್ಟ್ ನಡೆಸುವವರು, ಆನ್‌ಲೈನ್ ಪಾಠ ಹೇಳುವ ಮೇಷ್ಟ್ರುಗಳು, ಜಾಹೀರಾತಿಗೆ ದನಿ ಕೊಡುವವರು. ಮೈಕ್ ಕೊಳ್ಳುವಾಗ ಇವರೆಲ್ಲ ವಾರಗಟ್ಟಲೆ ವಿಚಾರಿಸುತ್ತಾರೆ, ಮಾದರಿ ಕೇಳುತ್ತಾರೆ, ಬಲ್ಲವರಿಗೆ ಫೋನ್ ಮಾಡುತ್ತಾರೆ. ಆ ಮೈಕನ್ನು ಹಿಡಿದು ನಿಲ್ಲಿಸುವ ಬೂಮ್ ಆರ್ಮನ್ನು ಮಾತ್ರ ಉಳಿದ ದುಡ್ಡಿನಲ್ಲಿ, ಫೋಟೋ ನೋಡಿ ಆರಿಸಿಬಿಡುತ್ತಾರೆ. ಮೇಜಿನ ಅಂಚಿಗೆ ಬಿಗಿಯುವ ಈ ಕಬ್ಬಿಣದ ತೋಳಿಗೆ ಇಷ್ಟು ಕಡಿಮೆ ಗಮನ ಸಲ್ಲದು. ಮನೆಯಲ್ಲಿ ಮುದ್ರಿಸಿದ ದನಿ ಕೇಳುವಂತಿರಬೇಕಾದರೆ ಕೋಣೆಯ ನಂತರ ಲೆಕ್ಕಕ್ಕೆ ಬರುವುದು ಮೈಕಿನ ಜಾಗ. ಆ ಜಾಗವನ್ನು ಕಾಯುವುದು ಈ ತೋಳು.

ಬಾಯಿಗೂ ಮೈಕಿಗೂ ನಡುವಿನ ದೂರ ಅರ್ಧಕ್ಕಿಳಿದರೆ ಮೈಕಿಗೆ ನೇರವಾಗಿ ತಲುಪುವ ದನಿ ಸುಮಾರು 6 ಡೆಸಿಬಲ್ ಏರುತ್ತದೆ. ಗೋಡೆಗೆ ಬಡಿದು ಮರಳುವ ಸದ್ದು, ಫ್ಯಾನಿನ ಸದ್ದು, ಬೀದಿಯ ಸದ್ದು ಇದ್ದಷ್ಟೇ ಇರುತ್ತವೆ. ಮೇಜಿನ ಮೇಲೆ ಪುಟ್ಟ ಸ್ಟ್ಯಾಂಡಿನಲ್ಲಿ, ಬಾಯಿಂದ 60 ಸೆಂ.ಮೀ. ದೂರದಲ್ಲಿ ಕೂತ ಮೈಕನ್ನು 15 ಸೆಂ.ಮೀ.ಗೆ ತಂದರೆ 12 ಡೆಸಿಬಲ್ ಲಾಭ. ಇಷ್ಟು ಲಾಭವನ್ನು ಗದ್ದಲ ಕಡಿಮೆ ಮಾಡುವ ಯಾವ ಸಾಫ್ಟ್‌ವೇರೂ ದನಿಯನ್ನು ಒಂದಿಷ್ಟೂ ಕೆಡಿಸದೆ ಕೊಡಲಾರದು. ಹತ್ತಿರ ತಂದರಷ್ಟೇ ಸಾಲದು, ಆ ದೂರ ಬದಲಾಗಲೂ ಬಾರದು. ಒಂದೇ ದಿಕ್ಕಿಗೆ ಕಿವಿಗೊಡುವ ಕಾರ್ಡಿಯಾಯ್ಡ್ ಮೈಕುಗಳು ಬಾಯಿಗೆ ಹತ್ತಿರವಾದಷ್ಟೂ ದನಿಯ ಕೆಳಸ್ಥಾಯಿಯನ್ನು ಉಬ್ಬಿಸುತ್ತವೆ. ಒಂದು ಅಧ್ಯಾಯ ಓದುವಷ್ಟರಲ್ಲಿ ಮೈಕ್ ನಾಲ್ಕು ಬೆರಳು ಕೆಳಗೆ ಜಾರಿದರೆ ಮೊದಲ ಪುಟದ ದನಿಯೇ ಬೇರೆ, ಕೊನೆಯ ಪುಟದ ದನಿಯೇ ಬೇರೆ. ಇಟ್ಟಲ್ಲೇ ನಿಲ್ಲುವುದು, ತಾನು ಸದ್ದು ಮಾಡದಿರುವುದು, ಈ ಎರಡೇ ತೋಳಿನ ಗುಣ. ಮಿಕ್ಕದ್ದೆಲ್ಲ ಅಲಂಕಾರ.

ಇಟ್ಟಲ್ಲಿ ನಿಲ್ಲುವುದು ಏಕೆ ಕಷ್ಟ ಎಂದು ತಿಳಿಯಲು ಈ ತೋಳಿನ ಮೂಲಕ್ಕೆ ಹೋಗಬೇಕು. ಇದು ಹುಟ್ಟಿದ್ದು ಮೈಕಿಗಾಗಿ ಅಲ್ಲ, ದೀಪಕ್ಕಾಗಿ. ಇಂಗ್ಲೆಂಡಿನ ಬಾತ್ ಊರಿನಲ್ಲಿ ಕಾರಿನ ಸಸ್ಪೆನ್ಷನ್ ಕೆಲಸದಲ್ಲಿ ಪಳಗಿದ್ದ ಜಾರ್ಜ್ ಕಾರ್ವರ್ಡೀನ್ ಎಂಬ ಎಂಜಿನಿಯರ್, ಸ್ಪ್ರಿಂಗುಗಳಿಂದ ತೂಕವನ್ನು ಸರಿದೂಗಿಸುವ ಏರ್ಪಾಡೊಂದಕ್ಕೆ 1932ರಲ್ಲಿ ಪೇಟೆಂಟ್ ಪಡೆದರು. ಮೇಲೆ, ಕೆಳಗೆ, ಮುಂದೆ, ಹಿಂದೆ ಎಲ್ಲಿ ಬಿಟ್ಟರೂ ತೋಳು ಅಲ್ಲೇ ನಿಲ್ಲಬೇಕು ಎಂಬುದು ಅದರ ಗುರಿ. ರೆಡ್ಡಿಚ್‌ನಲ್ಲಿ ಸ್ಪ್ರಿಂಗ್ ತಯಾರಿಸುತ್ತಿದ್ದ ಹರ್ಬರ್ಟ್ ಟೆರ್ರಿ ಕಂಪನಿ ಅದನ್ನು ಆಂಗಲ್‌ಪಾಯ್ಸ್ ಎಂಬ ಮೇಜಿನ ದೀಪವಾಗಿ ಮಾರುಕಟ್ಟೆಗೆ ತಂದಿತು. 1935ರಲ್ಲಿ ಬಂದ 1227 ಸಂಖ್ಯೆಯ ಮೂರು ಸ್ಪ್ರಿಂಗಿನ ಮಾದರಿಯ ರೂಪವನ್ನು ಇಂದಿಗೂ ಜಗತ್ತಿನ ಅದೆಷ್ಟೋ ದೀಪಗಳಲ್ಲಿ ಕಾಣಬಹುದು. ಇವತ್ತು ನಾವು ಕೊಳ್ಳುವ ಕತ್ತರಿಯಾಕಾರದ ಮೈಕ್ ತೋಳು ಅದೇ ವಂಶದ್ದು.

ಆದರೆ ಈ ಎರವಲಿನಲ್ಲಿ ಒಂದು ಮುಖ್ಯ ಅಂಶ ತಪ್ಪಿಹೋಯಿತು. ದೀಪದ ತಲೆಯ ತೂಕ ತಯಾರಕನಿಗೆ ಗೊತ್ತು. ತಲೆಯನ್ನೂ ಅವನೇ ಮಾಡುತ್ತಾನೆ, ಅದಕ್ಕೊಪ್ಪುವ ಸ್ಪ್ರಿಂಗನ್ನೂ ಅವನೇ ಕೂರಿಸುತ್ತಾನೆ. ಮೈಕ್ ತೋಳು ಮಾಡುವವನಿಗೆ ಅದರ ತುದಿಯಲ್ಲಿ ಏನು ತೂಗುತ್ತದೋ ತಿಳಿಯದು. ಶೂರ್ ಎಸ್‌ಎಂ58 ತೂಗುವುದು 300 ಗ್ರಾಂನಷ್ಟು. ಆಡಿಯೋ ಟೆಕ್ನಿಕಾದ ಎಟಿ2020 ಸುಮಾರು 345 ಗ್ರಾಂ. ಶೂರ್ ಎಸ್‌ಎಂ7ಬಿ ಮುಕ್ಕಾಲು ಕಿಲೋ. ರೋಡ್ ಪಾಡ್‌ಮೈಕ್ 937 ಗ್ರಾಂ. ಇದರ ಮೇಲೆ ಅದುರು ತಡೆಯುವ ಶಾಕ್ ಮೌಂಟು, ಉಸಿರಿನ ಹೊಡೆತ ತಡೆಯುವ ಪಾಪ್ ಫಿಲ್ಟರು, ಕೇಬಲ್ಲಿನ ಭಾರ. ಹೀಗೆ ಮೂರು ಪಟ್ಟು ವ್ಯತ್ಯಾಸವಿರುವ ಹೊರೆಗಳನ್ನೆಲ್ಲ ಒಂದೇ ಸ್ಪ್ರಿಂಗ್ ಸರಿದೂಗಿಸಬೇಕು ಎಂದರೆ ಆಗದ ಮಾತು. ಮಾರುಕಟ್ಟೆಯ ತೋಳುಗಳನ್ನೆಲ್ಲ ಅಳೆಯಬೇಕಾದದ್ದು ಈ ಒಂದು ತೊಡಕನ್ನು ಅವು ಹೇಗೆ ಬಿಡಿಸಿವೆ ಎಂಬುದರ ಮೇಲೆ.

ಆಸ್ಟ್ರೇಲಿಯಾದ ರೋಡ್ ಕಂಪನಿಯ ಪಿಎಸ್‌ಎ1 ಬಹುಕಾಲ ಈ ಬಗೆಯ ತೋಳಿಗೆ ಮಾನದಂಡವಾಗಿತ್ತು. ಅಡ್ಡಕ್ಕೆ 80 ಸೆಂ.ಮೀ.ಗಿಂತ ತುಸು ಹೆಚ್ಚು ಚಾಚುತ್ತದೆ, ಕೀಲುಗಳು ಮೆತ್ತಗೆ ತಿರುಗುತ್ತವೆ, ಕಟ್ಟುವಿಕೆ ಗಟ್ಟಿ. ಅದಕ್ಕೆ ಹೇಳಿರುವ ತೂಕ 700 ಗ್ರಾಂನಿಂದ 1.1 ಕಿಲೋ. ಎಸ್‌ಎಂ7ಬಿಯಂಥ ಮೈಕನ್ನು ಅದಕ್ಕೆ ಹಾಕಿ ನೋಡಿದರೆ ಕಾರ್ವರ್ಡೀನರ ಜಾಣ್ಮೆ ಕಣ್ಣಿಗೇ ಕಾಣುತ್ತದೆ. ಒಂದು ಬೆರಳಿನಿಂದ ಎಳೆದರೆ ಬರುತ್ತದೆ, ಬಿಟ್ಟರೆ ನಿಲ್ಲುತ್ತದೆ, ಯಾವ ನಟ್ಟನ್ನೂ ಮುಟ್ಟಬೇಕಿಲ್ಲ. ಅದೇ ತೋಳಿಗೆ ಎಸ್‌ಎಂ58 ಸಿಕ್ಕಿಸಿ ಬಾಯಿಯ ಮಟ್ಟಕ್ಕೆ ಇಳಿಸಿ ಕೈಬಿಡಿ. ಮೊದಲು ತುಸು ನಡುಗುತ್ತದೆ. ಆಮೇಲೆ ಮೊಣಕೈ ಕೀಲು ಮೆಲ್ಲಗೆ ತೆರೆದುಕೊಂಡು ಮೈಕ್ ಗಲ್ಲ, ಮೂಗು, ಹಣೆ ದಾಟಿ ಮೇಲೇರಿಬಿಡುತ್ತದೆ. ಸ್ಪ್ರಿಂಗಿನ ಎಳೆತಕ್ಕೆ ಎದುರು ನಿಲ್ಲುವ ಭಾರ ತುದಿಯಲ್ಲಿಲ್ಲ. ಜನ ಇದಕ್ಕೆ ಏನೇನೋ ಉಪಾಯ ಹೂಡುತ್ತಾರೆ. ಕೆಲವರು ಒಂದು ಜೋಡಿ ಸ್ಪ್ರಿಂಗ್ ಕಳಚುತ್ತಾರೆ, ಕೆಲವರು ತುದಿಗೆ ವಾಷರು ಕಟ್ಟಿ ಭಾರ ಹೇರುತ್ತಾರೆ. ಒಳ್ಳೆಯ ದುಡ್ಡು ಕೊಟ್ಟು ತಂದ ಒಳ್ಳೆಯ ವಸ್ತುವೇ ತಪ್ಪು ಜೋಡಿಯಾದಾಗ ಹೀಗೆ ಕೆಲಸಕ್ಕೆ ಬಾರದಂತಾಗುತ್ತದೆ. ಇದೇ ಕಂಪನಿ ಆಮೇಲೆ ತಂದ ಪಿಎಸ್‌ಎ1+ ಈ ಕೊರತೆಗೆ ನೇರ ಉತ್ತರ. ಅದರ ತೂಕದ ವ್ಯಾಪ್ತಿ 94 ಗ್ರಾಂನಿಂದ 1.2 ಕಿಲೋವರೆಗೆ. ಸ್ಪ್ರಿಂಗುಗಳು ಹೊದಿಕೆಯೊಳಗೆ ಕೂತಿವೆ. ಬೆಲೆ ದೊಡ್ಡದು, ಆದರೆ ಮೇಲಿಂದ ಮೇಲೆ ಮೈಕ್ ಬದಲಿಸುವವರಿಗೆ ಆ ಬೆಲೆ ದಂಡವಲ್ಲ.

ಅಗ್ಗದ ತೋಳುಗಳು ಇದನ್ನು ಬಿಡಿಸುವ ಬಗೆಯೇ ಬೇರೆ. ಒಂದೇ ವಿನ್ಯಾಸ ಹತ್ತಾರು ಹೆಸರಿನಲ್ಲಿ, ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತದೆ. ತೆಳು ಕೊಳವೆ, ಬಯಲಿಗೆ ಬಿದ್ದ ಸ್ಪ್ರಿಂಗು, ಕೀಲಿಗೊಂದು ತಿರುಪು. ಇಲ್ಲಿ ತೂಕ ಹೊರುವುದು ಸ್ಪ್ರಿಂಗಿಗಿಂತ ಹೆಚ್ಚಾಗಿ ತಿರುಪಿನ ಬಿಗಿತ. ಸ್ಥಾನ ಬದಲಿಸಬೇಕಾದರೆ ಪ್ರತಿ ಸಲ ಸಡಿಲಿಸಿ ಮತ್ತೆ ಬಿಗಿಯಬೇಕು. ಕೆಲವು ತಿಂಗಳಲ್ಲಿ ಪ್ಲಾಸ್ಟಿಕ್ಕಿನ ಹಿಡಿ ಸವೆದು ಬಿಗಿತ ಕೂರುವುದಿಲ್ಲ. ಹಾಗೆಂದು ಇದನ್ನು ಸಾರಾಸಗಟಾಗಿ ತಳ್ಳಿಹಾಕುವುದು ಅನ್ಯಾಯ. 300–400 ಗ್ರಾಂನ ಮೈಕನ್ನು ಒಂದೇ ಕಡೆ ನಿಲ್ಲಿಸಿ ಅಲ್ಲೇ ಓದುವವರಿಗೆ ಇಷ್ಟು ಸಾಕು. ಮುಕ್ಕಾಲು ಕಿಲೋದ ಮೈಕ್ ಕೊಂಡವರು ಮಾತ್ರ ಇತ್ತ ನೋಡಬಾರದು. ಓದುತ್ತ ಓದುತ್ತ ಮೈಕ್ ಕೆಳಗಿಳಿಯುವ ದೂರು ಹುಟ್ಟುವುದು ಈ ಜೋಡಿಯಿಂದಲೇ.

ಎರಡನೆಯ ಗುಣ ಸದ್ದು ಮಾಡದಿರುವುದು. ಇದನ್ನು ಅಂಗಡಿಯಲ್ಲಿ ನೋಡಿ ತಿಳಿಯಲಾಗದು, ಕೇಳಿಯೇ ತಿಳಿಯಬೇಕು. ಮೈಕ್ ಹಚ್ಚಿ, ಹೆಡ್‌ಫೋನ್ ಹಾಕಿ, ತೋಳಿನ ಮೇಲೆ ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟಿ. ಬಯಲು ಸ್ಪ್ರಿಂಗಿನ ತೋಳಾದರೆ ಲೋಹದ ಝೇಂಕಾರವೊಂದು ಎದ್ದು ತುಸು ಹೊತ್ತು ಉಳಿಯುತ್ತದೆ. ಗಿಟಾರ್ ಆಂಪ್ಲಿಫೈಯರುಗಳಲ್ಲಿ ಪ್ರತಿಧ್ವನಿ ಹುಟ್ಟಿಸಲು ಸ್ಪ್ರಿಂಗನ್ನೇ ಬಳಸುತ್ತಾರೆ, ಅದರ ಸ್ವಭಾವವೇ ಅದು. ಸ್ಪ್ರಿಂಗಿನೊಳಗೆ ಸ್ಪಂಜಿನ ಪಟ್ಟಿ ತುರುಕಿದರೆ ಈ ಝೇಂಕಾರ ಬಹುಮಟ್ಟಿಗೆ ಅಡಗುತ್ತದೆ. ಸ್ಪ್ರಿಂಗನ್ನು ಕೊಳವೆಯೊಳಗೆ ಅಡಗಿಸಿದ ತೋಳುಗಳಲ್ಲಿ ಇದು ಮೊದಲಿನಿಂದಲೇ ಕಡಿಮೆ. ಬ್ಲೂ ಕಂಪಾಸ್ ಅಂಥದ್ದು.

ಮೇಜಿನಿಂದ ಬರುವ ಗುದ್ದು ಇನ್ನೂ ಹಟಮಾರಿ. ಕೀಬೋರ್ಡ್ ಒತ್ತಿದರೆ, ಮೊಣಕೈ ಊರಿದರೆ, ಲೋಟ ಇಟ್ಟರೆ ಆ ಅದುರು ಕ್ಲಾಂಪ್ ಹಿಡಿದು ತೋಳು ಹತ್ತಿ ಮೈಕಿಗೆ ತಲುಪುತ್ತದೆ. ಇದು ಬಹುಪಾಲು 100 ಹರ್ಟ್ಸ್‌ಗಿಂತ ಕೆಳಗಿನ ಸದ್ದು. 80 ಹರ್ಟ್ಸ್‌ನ ಹೈಪಾಸ್ ಫಿಲ್ಟರ್ ಅದರ ಕೆಳಗಿನ ಸದ್ದನ್ನು ಕತ್ತರಿಸಿ ಅರ್ಧ ಕೆಲಸ ಮಾಡುತ್ತದೆ. ಅದಕ್ಕಿಂತ ಮೇಲಕ್ಕೆ ಕತ್ತರಿಸಿದರೆ ಗಂಡಸರ ದನಿಯ ಬುಡಕ್ಕೇ ಕತ್ತರಿ ಬೀಳುತ್ತದೆ. ಆದ್ದರಿಂದ ಗುದ್ದನ್ನು ದಾರಿಯಲ್ಲೇ ತಡೆಯಬೇಕು. ಮೈಕಿಗೆ ಶಾಕ್ ಮೌಂಟ್ ಬೇಕು. ಎಸ್‌ಎಂ7ಬಿಯಂಥವುಗಳಲ್ಲಿ ಅದು ಒಳಗೇ ಇದೆ. ಕ್ಲಾಂಪಿನ ಎರಡೂ ದವಡೆಗೆ ಹಳೆಯ ಸೈಕಲ್ ಟ್ಯೂಬಿನ ತುಂಡು ಹಾಕಿದರೆ ಮೇಜಿನ ಸನ್‌ಮೈಕವೂ ಉಳಿಯುತ್ತದೆ, ಅದುರೂ ತುಸು ತಗ್ಗುತ್ತದೆ.

ಮೇಜಿನ ಮಾತು ಬಂದದ್ದರಿಂದ ಕೊಳ್ಳುವವರು ತೀರಾ ಕಡೆಗಣಿಸುವ ಸಂಗತಿಗೆ ಬರುತ್ತೇನೆ. ಒಂದು ಕಿಲೋ ಭಾರವನ್ನು 80 ಸೆಂ.ಮೀ. ಆಚೆ ಹಿಡಿದಾಗ ಬುಡದ ಮೇಲೆ ಬೀಳುವ ತಿರುಚು ಬಲ ಸುಮಾರು 8 ನ್ಯೂಟನ್ ಮೀಟರ್. ತುಂಬಿದ ಬಿಂದಿಗೆಯನ್ನು ಕೈಚಾಚಿ ಹಿಡಿದವರ ಹೆಗಲಿಗೆ ಗೊತ್ತು ಇದರ ಅರ್ಥ. ಈ ಬಲವೆಲ್ಲ ಅಂಗೈ ಅಗಲದ ಕ್ಲಾಂಪಿನ ಮೂಲಕ ಮೇಜಿನ ಅಂಚಿಗೆ ಇಳಿಯುತ್ತದೆ. ಗಾಜಿನ ಮೇಜಿಗೆ ಇದನ್ನು ಹಾಕಲೇಬಾರದು. ಪಾರ್ಟಿಕಲ್ ಬೋರ್ಡಾದರೆ ಕೆಳಗೊಂದು ಪ್ಲೈವುಡ್ ತುಂಡು ಕೊಟ್ಟು ಭಾರ ಹರಡಬೇಕು, ಇಲ್ಲದಿದ್ದರೆ ತಿರುಪಿನ ಬಿಲ್ಲೆ ಒಳಗೆ ಕಚ್ಚಿಕೊಂಡು ಕುಳಿ ಬೀಳುತ್ತದೆ. ಹಳೆಯ ಮರದ ಮೇಜುಗಳಲ್ಲಿ ಹಲಗೆಯ ಕೆಳಗೆ ಅಡ್ಡಪಟ್ಟಿ ಇರುತ್ತದೆ. ಅಂಚು ಎರಡು ಬೆರಳಷ್ಟೂ ಹೊರಚಾಚಿರುವುದಿಲ್ಲ, ಕ್ಲಾಂಪಿಗೆ ಕಚ್ಚಲು ಜಾಗವೇ ಸಿಗದು. ಮೇಜು ಗೋಡೆಗೆ ಒತ್ತಿಕೊಂಡಿದ್ದರೆ ಮಡಿಚಿದ ತೋಳಿನ ಮೊಣಕೈ ಹಿಂದಕ್ಕೆ ಚಾಚಿ ಗೋಡೆಗೆ ಬಡಿಯುತ್ತದೆ. ಟೇಪು ಹಿಡಿದು ಅಂಚಿನ ದಪ್ಪ, ಅದರ ಹೊರಚಾಚು, ಹಿಂದಿನ ಜಾಗ ಅಳೆಯುವುದು ಐದು ನಿಮಿಷದ ಕೆಲಸ. ಮೇಜೇ ಅಲ್ಲಾಡುವಂಥದ್ದಾದರೆ ಯಾವ ತೋಳೂ ಬೇಡ. ಸಂಗೀತ ಕಛೇರಿಗಳಲ್ಲಿ ಕಾಣುವ ಮೂರು ಕಾಲಿನ, ಅಡ್ಡ ಕಡ್ಡಿಯ ಸ್ಟ್ಯಾಂಡನ್ನು ಕುರ್ಚಿಯ ಪಕ್ಕ ನಿಲ್ಲಿಸಿ. ಜಾಗ ತಿನ್ನುತ್ತದೆ, ಆದರೆ ಮೇಜಿನ ಗುದ್ದು ಅದಕ್ಕೆ ನೇರವಾಗಿ ತಟ್ಟುವುದಿಲ್ಲ. ನಿಂತು ಓದುವವರಿಗಂತೂ ಅದೇ ಉತ್ತಮ.

ಇನ್ನು ಈಚಿನ ಫ್ಯಾಷನ್ನಿಗೆ ಬರೋಣ. ಮೇಜಿನ ಮೇಲ್ಮೈಗೆ ತಾಗಿದಂತೆ ಸಾಗಿ ಕೆಳಗಿನಿಂದ ಮೈಕನ್ನು ಬಾಯಿಗೆ ಎತ್ತಿಕೊಡುವ ತಗ್ಗು ತೋಳುಗಳು ಈಗ ಎಲ್ಲರ ಮೇಜಿನಲ್ಲೂ ಇವೆ. ಎಲ್ಗಾಟೋ ಕಂಪನಿಯ ವೇವ್ ಮೈಕ್ ಆರ್ಮ್ ಎಲ್‌ಪಿ ಇವುಗಳಲ್ಲಿ ಹೆಸರುವಾಸಿ. ನೋಡಲು ಅಚ್ಚುಕಟ್ಟು, ಕೇಬಲ್ ಒಳಗೇ ಅಡಗುತ್ತದೆ, ಮುಖ ಮತ್ತು ಕ್ಯಾಮೆರಾದ ನಡುವೆ ಏನೂ ಅಡ್ಡ ಬರುವುದಿಲ್ಲ. ವಿಡಿಯೋ ಮಾಡುವವರಿಗೆ ಇದು ದೊಡ್ಡ ಅನುಕೂಲ, ಅದನ್ನು ಅಲ್ಲಗಳೆಯಲಾಗದು. ಆದರೆ ದನಿಯನ್ನಷ್ಟೇ ಮುದ್ರಿಸುವವರು ಇದನ್ನು ಕೊಳ್ಳುವ ಮುಂಚೆ ತಲೆಯೆತ್ತಿ ಫ್ಯಾನನ್ನೊಮ್ಮೆ ನೋಡಬೇಕು.

ನಮ್ಮ ಮನೆಗಳಲ್ಲಿ ಮೇಜು ಸಾಮಾನ್ಯವಾಗಿ ಗೋಡೆಯ ಕಡೆ, ಫ್ಯಾನು ಕೋಣೆಯ ನಡುವೆ. ಅಂದರೆ ಓದುವವರ ಬೆನ್ನ ಹಿಂದೆ, ಮೇಲೆ. ಕೆಳಗಿನಿಂದ ಓರೆಯಾಗಿ ಬಾಯಿಯತ್ತ ಮುಖಮಾಡಿದ ಮೈಕ್ ಬಾಯಿಯನ್ನು ದಾಟಿ ಅದೇ ಗೆರೆಯಲ್ಲಿ ಫ್ಯಾನನ್ನೂ ನೋಡುತ್ತಿರುತ್ತದೆ. ಅದರ ಸದ್ದಿಗೆ ಒಂದಿಷ್ಟೂ ತಡೆಯಿಲ್ಲ. ಅದೇ ಮೈಕನ್ನು ಮೇಲಿನಿಂದ ಇಳಿಬಿಟ್ಟು ಬಾಯಿಯತ್ತ ಕೆಳಮುಖ ಮಾಡಿದರೆ ಫ್ಯಾನು ಅದರ ಪಕ್ಕಕ್ಕೆ, ಸುಮಾರು ಲಂಬಕೋನದಲ್ಲಿ ಬೀಳುತ್ತದೆ. ಕಾರ್ಡಿಯಾಯ್ಡ್ ಮೈಕ್ ಅಲ್ಲಿಂದ ಬರುವ ನೇರ ಸದ್ದನ್ನು 6 ಡೆಸಿಬಲ್ ತಗ್ಗಿಸುತ್ತದೆ. ಫ್ಯಾನು ಮೇಜಿನ ನೇರ ಮೇಲೆಯೇ ಇದ್ದರೆ ಇನ್ನೂ ಅನುಕೂಲ, ಅದು ಮೈಕಿನ ಬೆನ್ನಿಗೆ ಬೀಳುತ್ತದೆ. ಈ ವಾದಕ್ಕೆ ಎದುರುಮಾತೂ ಇದೆ. ಕೆಳಮುಖವಾದ ಮೈಕಿಗೆ ಲ್ಯಾಪ್‌ಟಾಪಿನ ಫ್ಯಾನು, ಪುಟ ತಿರುಗಿಸುವ ಸದ್ದು, ಮೇಜಿನಿಂದ ಪುಟಿಯುವ ದನಿ ಎದುರಾಗುತ್ತವೆ. ಅವುಗಳಿಗೆ ಮೇಜಿನ ಮೇಲೆ ದಪ್ಪ ಜಮಖಾನ ಹಾಸಿ, ಲ್ಯಾಪ್‌ಟಾಪನ್ನು ಆಚೆ ಸರಿಸಿ ದಾರಿ ಮಾಡಿಕೊಳ್ಳಬಹುದು. ಫ್ಯಾನು ಆರಿಸಿ ಓದುವವರಿಗೆ ತಗ್ಗು ತೋಳು ಸರಿಯೇ. ಆದರೆ ಕಲಬುರಗಿಯ ಮೇ ತಿಂಗಳಲ್ಲಿ ಬಾಗಿಲು ಮುಚ್ಚಿದ ಕೋಣೆಯೊಳಗೆ ಫ್ಯಾನಿಲ್ಲದೆ ಎಷ್ಟು ಹೊತ್ತು ಓದಲಾದೀತು? ಎತ್ತರದ ತೋಳು ಇನ್ನೊಂದು ಸೌಲಭ್ಯ ಕೊಡುತ್ತದೆ. ಮೈಕನ್ನು ಬಾಯಿಯ ನೇರದಿಂದ ತುಸು ಮೇಲೆ, ತುಸು ಬದಿಗೆ ನಿಲ್ಲಿಸಬಹುದು. ಪ, ಬ, ಫ, ಭ ಹೊರಡಿಸುವ ಉಸಿರಿನ ಹೊಡೆತ ಮೈಕಿನ ಕೆಳಗೆ ಹಾದುಹೋಗುತ್ತದೆ. ಮಹಾಪ್ರಾಣಗಳು ಒತ್ತೊತ್ತಾಗಿ ಬರುವ ಗದ್ಯ ಓದುವವರಿಗೆ ಇದು ದೊಡ್ಡ ಉಪಕಾರ.

ಆದ್ದರಿಂದ ನನ್ನ ತೀರ್ಪು ಇಷ್ಟು. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಮೈಕು, ಶಾಕ್ ಮೌಂಟು, ಫಿಲ್ಟರು ಎಲ್ಲ ಸೇರಿಸಿ ತೂಗಿ. ಆ ತೂಕ ಯಾವ ತೋಳಿನ ವ್ಯಾಪ್ತಿಯ ನಡುವೆ ಬೀಳುತ್ತದೋ ಅದೇ ನಿಮ್ಮ ತೋಳು, ಅಂಚಿಗೆ ಬೀಳುವುದು ಬೇಡ. ಆಮೇಲೆ ಮೇಜು ಅಳೆಯಿರಿ. ಮೈಕಿನ ಥ್ರೆಡ್ 5/8 ಇಂಚಿನದೋ 3/8 ಇಂಚಿನದೋ ನೋಡಿಕೊಂಡು, ಬೇಕಾದರೆ ಹಿತ್ತಾಳೆಯ ಅಡಾಪ್ಟರ್ ಜೊತೆಗೇ ತರಿಸಿ. ದನಿ ಮಾತ್ರವಾದರೆ ಮೇಲಿನಿಂದ ಇಳಿಯುವ, ಸ್ಪ್ರಿಂಗ್ ಮುಚ್ಚಿದ ತೋಳು. ಮುಖವೂ ಕಾಣಬೇಕಾದರೆ ತಗ್ಗು ತೋಳು. ಮೇಜು ಗಟ್ಟಿಯಿಲ್ಲದಿದ್ದರೆ ನೆಲದ ಸ್ಟ್ಯಾಂಡು. ಬೆಲೆಯ ಪ್ರಶ್ನೆ ಬರುವುದು ಇವೆಲ್ಲ ಮುಗಿದ ಮೇಲೆ.

ತಯಾರಕರಿಗೂ ಒಂದು ಮಾತು. ಹೆಚ್ಚಿನ ಡಬ್ಬಗಳ ಮೇಲೆ ಗರಿಷ್ಠ ತೂಕವನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕುತ್ತಾರೆ, ಕನಿಷ್ಠ ತೂಕದ ಸುಳಿವೇ ಇರುವುದಿಲ್ಲ. ಮನೆಯಲ್ಲಿ ಮುದ್ರಿಸುವ ಎಷ್ಟೋ ಮಂದಿಯ ಬಳಿ ಇರುವುದು ಹಗುರವಾದ ಮೈಕು. ಅವರಿಗೆ ತಿಳಿಯಬೇಕಾದ ಸಂಖ್ಯೆ ಕನಿಷ್ಠದ್ದು. ಸರಿದೂಗುವುದೇ ಈ ಉಪಕರಣದ ಜೀವಾಳ ಎಂದಮೇಲೆ ಎಷ್ಟರಿಂದ ಎಷ್ಟಕ್ಕೆ ಸರಿದೂಗುತ್ತದೆ ಎಂದು ಎರಡೂ ತುದಿಯನ್ನು ಹೇಳುವುದು ಮಾರುವವರ ಕರ್ತವ್ಯ. ಅದನ್ನು ಹೇಳದ ತೋಳನ್ನು, ಎಷ್ಟೇ ಚೆಂದವಿದ್ದರೂ, ಕೊಳ್ಳಬೇಡಿ.