ಬಯಲಾಟದ ಅಟ್ಟವೂ ಅದರ ಅಲಂಕಾರವೂ

ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಮೂಡಲಪಾಯದ ಬಯಲಾಟವನ್ನು ಹೊಗಳುವವರು ಅದರ ಹಾಡು ಕುಣಿತಗಳನ್ನು ಕೊಂಡಾಡುವಂತೆ ಅದರ ಅಟ್ಟವನ್ನು ಕೊಂಡಾಡುವುದಿಲ್ಲ. ನಾಲ್ಕು ಕಂಬ, ಹಲಗೆಯ ಹಾಸು, ತೆಂಗಿನ ಗರಿಯ ಮರೆ, ಬಾಳೆಯ ಕಂದು, ಮಾವಿನ ತೋರಣ. ಇಷ್ಟರಲ್ಲಿ ಹೊಗಳತಕ್ಕುದೇನಿದೆಯೆಂದು ತೋರುವುದು ಸಹಜವೇ. ಆದರೆ ಈ ಬರಿದುತನವು ಬಡತನದಿಂದ ಮಾತ್ರ ಹುಟ್ಟಿದುದಲ್ಲ.

ಚೀನಾ ದೇಶದ ಹಳೆಯ ರಂಗಮಂಟಪಗಳನ್ನು ಇದರೊಡನೆ ಹೋಲಿಸಿ ನೋಡಬಹುದು. ಅಲ್ಲಿ ದೇವಾಲಯಕ್ಕೆ ಎದುರಾಗಿ, ಆಟವು ದೇವರಿಗೆ ಕಾಣುವಂತೆ, ಶಾಶ್ವತವಾದ ರಂಗವನ್ನು ಕಟ್ಟುವ ಪದ್ಧತಿಯುಂಟು. ಮೇಲಕ್ಕೆ ಬಾಗಿದ ಸೂರು, ಕೆತ್ತನೆಯ ತೊಲೆ, ಬಣ್ಣವಿಟ್ಟ ಮುಚ್ಚಿಗೆ. ಬೀಜಿಂಗಿನ ಬೇಸಗೆಯ ಅರಮನೆಯಲ್ಲಿ 1891ರಿಂದ 1895ರವರೆಗೆ ಕಟ್ಟಿದ ರಂಗಕ್ಕೆ ಮೂರು ಅಂತಸ್ತು. ದೇವತೆಗಳು ಮೇಲಿನಿಂದ ಇಳಿಯಲೂ ಪಿಶಾಚಗಳು ನೆಲದಿಂದ ಏಳಲೂ ಕಂಡಿಗಳನ್ನಿಟ್ಟಿದ್ದಾರೆ. ಆದರೂ ಚೀನೀ ಆಟದಲ್ಲಿ ರಂಗದ ಮೇಲೆ ಸಾಮಾನ್ಯವಾಗಿ ಕಾಣುವುದು ಒಂದು ಮೇಜು, ಎರಡು ಕುರ್ಚಿ! ಅವೇ ಬೆಟ್ಟ, ಅವೇ ಒಡ್ಡೋಲಗ. ಕಟ್ಟಡದ ಅಲಂಕಾರವು ದೇವರಿಗೂ ಹಬ್ಬಕ್ಕೂ ಸಂದುದು. ಕಥೆಯ ಸ್ಥಳವನ್ನು ಕಾಣಿಸುವ ಹೊಣೆ ನಟನದು.

ಬಯಲಾಟದ ನ್ಯಾಯವೂ ಇದೇ. ಇಲ್ಲಿಯ ಅಲಂಕಾರವೆಲ್ಲ ವೇಷಧಾರಿಯ ಮೈಮೇಲಿದೆ. ಹಗುರವಾದ ಮರದಲ್ಲಿ ಕೊರೆದು, ಬೇಗಡೆ ಹಚ್ಚಿ, ಕನ್ನಡಿಯ ಚೂರುಗಳನ್ನು ಕೂಡಿಸಿದ ಕಿರೀಟ ಭುಜಕೀರ್ತಿಗಳು ಪಂಜಿನ ಬೆಳಕನ್ನು ಬೇಡುವಂಥವು. ಉರಿ ಅಲುಗಿದಂತೆ ಅವು ಮಿನುಗುವುವು. ಹಿಂದೆ ಕತ್ತಲೆಯಿದ್ದರೆ ವೇಷವು ಎರಡರಷ್ಟು ದೊಡ್ಡದಾಗಿ ಕಾಣುವುದು. ವಿದ್ಯುದ್ದೀಪದ ನಿಶ್ಚಲ ಪ್ರಕಾಶದಲ್ಲಿ ಅದೇ ಬೇಗಡೆ ಬರಿಯ ಕಾಗದವಾಗುತ್ತದೆ.

ಇಂಥ ಅಟ್ಟಕ್ಕೆ ನಾಟಕ ಕಂಪೆನಿಗಳ ಚಿತ್ರದ ಪರದೆಯನ್ನು ತಂದು ಕಟ್ಟುವುದು ರಸಿಕತೆಯಲ್ಲ. ಗುಬ್ಬಿ ವೀರಣ್ಣನವರ ರಂಗದಲ್ಲಿ ದೃಶ್ಯವೈಭವಕ್ಕೆ ಯೋಗ್ಯವಾದ ಸ್ಥಾನವಿದ್ದಿತು. ಬಯಲಾಟದಲ್ಲಿ ಅದು ಭಾಗವತನ ಬಾಯಿಗೆ ಅಡ್ಡವಾಗುತ್ತದೆ. ಅವನು ಒಂದು ಪದದಲ್ಲಿ ಅರ್ಜುನನನ್ನು ಅಡವಿ ದಾಟಿಸಿ ಇಂದ್ರಕೀಲಕ್ಕೆ ಮುಟ್ಟಿಸುವನು. ಬಾಡಿಗೆಯ ಪರದೆಯೋ ಅರಮನೆಯ ಕಂಬಸಾಲನ್ನು ಬಿಟ್ಟು ಕದಲದು. ಪರದೆಯನ್ನು ಬದಲಾಯಿಸಬಹುದಲ್ಲ ಎನ್ನುವವರಿದ್ದಾರೆ. ಪದಪದಕ್ಕೂ ಪರದೆಯೆಳೆದರೆ ಕುಣಿತವು ನಡೆಯುವುದೆಂತು?

ಊರಿನಲ್ಲಿ ಸಿಮೆಂಟಿನ ರಂಗವನ್ನು ಕಟ್ಟಿಸುವವರು ಚಾವಣಿಯ ಎತ್ತರಕ್ಕಿಂತ ಮೊದಲು ದಿಕ್ಕನ್ನು ವಿಚಾರಿಸಬೇಕು. ಮಳೆ ಬಾರದ ವರ್ಷ ಆಟವಾಡಿಸುವ ನಂಬಿಕೆಯುಳ್ಳ ಸೀಮೆಯಲ್ಲಿ ಗುಡಿಗೆ ಬೆನ್ನು ಮಾಡಿದ ರಂಗವು ಹೇಗೆ ಒಪ್ಪೀತು? ಹಿಂಗೋಡೆಗೆ ಚಿತ್ರ ಬರೆಯಿಸದೆ ಬಿಟ್ಟರೆ ಸಾಕು; ಮಿಕ್ಕುದನ್ನು ಆಟದ ದಿನ ಊರವರು ಬಾಳೆ ಮಾವುಗಳಿಂದ ತಾವೇ ಮಾಡಿಕೊಳ್ಳುವರು.